ಇಳಿದದ್ದು ಗೋವಾ ವೆಲ್ಹಾ, ಹೋಗಬೇಕಿದ್ದದ್ದು ವೆಲ್ಹಾ ಗೋವಾ

ಕಂಡಕ್ಟರನದೇನೂ ತಪ್ಪಿಲ್ಲ. ವಾಸ್ಕೋದಲ್ಲಿ ಪಣಜಿ ಕಡೆಯ ಬಸ್ಸು ಹತ್ತಿ, ಎಲ್ಲೋ ಓದಿದ್ದ ಪೋರ್ಚುಗೀಸ್ ಹೆಸರನ್ನು ಜಂಬದಿಂದ ಬಾಯಿಬಿಟ್ಟು "ವೆಲ್ಹಾ ಗೋವಾ ಒಂದು" ಎಂದವನು ನಾನು. ಓಲ್ಡ್ ಗೋವಾ ಎಂದಿದ್ದರೆ ಮುಗಿದೇ ಹೋಗುತ್ತಿತ್ತು. ಜುವಾರಿ ನದಿಯ ಹೊಸ ಸೇತುವೆ ದಾಟುವಾಗ ಅದರ ಕೇಬಲ್ಲುಗಳ ಫೋಟೊ ತೆಗೆಯುವುದರಲ್ಲಿ ಮುಳುಗಿದ್ದೆ. ಸೇತುವೆಯ ಒಂದು ಬದಿ ಆಗಷ್ಟೇ, 2022ರ ಡಿಸೆಂಬರ್ ಕೊನೆಗೆ, ತೆರೆದಿತ್ತು. ಸ್ವಲ್ಪ ಹೊತ್ತಿಗೆ ಕಂಡಕ್ಟರ್ ನನ್ನ ಭುಜ ತಟ್ಟಿ ಇಳಿಸಿದ. ಬಸ್ಸು ಹೋಯಿತು. ಎದುರಿಗೆ ಒಂದು ಇಗರ್ಜಿ, ನಾಲ್ಕು ಅಂಗಡಿ, ತೆಂಗಿನ ಮರ. ಜಗತ್ಪ್ರಸಿದ್ಧ ಚರ್ಚುಗಳ ಊರು ಇಷ್ಟೇನಾ ಎಂದು ನಿಂತೆ. ಬೋರ್ಡು ನೋಡಿದರೆ 'ಗೋವಾ ವೆಲ್ಹಾ'.

ಎರಡು ಹೆಸರಿಗೂ ಅರ್ಥ ಒಂದೇ, ಹಳೆಯ ಗೋವಾ. ಊರು ಮಾತ್ರ ಬೇರೆ ಬೇರೆ. ಒಂದು ಮಾಂಡವಿ ನದಿಯ ದಂಡೆಯ ಪೋರ್ಚುಗೀಸರ ರಾಜಧಾನಿ. ಇನ್ನೊಂದು, ನಾನು ಬೆಪ್ಪನಂತೆ ನಿಂತಿದ್ದುದು, ಅದಕ್ಕೂ ಹಳೆಯದು. ಹನ್ನೊಂದನೇ ಶತಮಾನದಲ್ಲಿ ಗೋವೆಯ ಕದಂಬರು ಚಂದ್ರಪುರದಿಂದ ರಾಜಧಾನಿಯನ್ನು ತಂದಿಟ್ಟ ಗೋಪಕಪಟ್ಟಣ ಇದರ ಸುತ್ತಲೇ ಇತ್ತು. ನಮ್ಮ ಖಾನಾಪುರ ತಾಲ್ಲೂಕಿನ ಹಲಸಿ, ಅಂದರೆ ಪಲಾಶಿಕೆ, ಅವರ ಇನ್ನೊಂದು ನೆಲೆ. ಹಲಸಿಯಲ್ಲಿ ನೋಡಲು ಗುಡಿಗಳಾದರೂ ಇವೆ. ಇಲ್ಲಿ ಜುವಾರಿಯ ಹೂಳು ಬಂದರನ್ನು ನುಂಗಿ ಶತಮಾನಗಳಾಗಿವೆ. ಗೋವಾದ ಸರಕಾರಿ ಬಸ್ಸುಗಳ ಮೈಮೇಲೆ 'ಕದಂಬ' ಎಂದು ಬರೆದಿರುವುದು ಆ ಅರಸರ ಹೆಸರನ್ನೇ. ನಾನು ಕದಂಬ ಬಸ್ಸು ಬಿಟ್ಟು ಖಾಸಗಿ ಬಸ್ಸು ಹತ್ತಿ ಕದಂಬರ ರಾಜಧಾನಿಯಲ್ಲೇ ಇಳಿದಿದ್ದೆ.

ಮಾಮಾಗೆ ಫೋನ್ ಹಚ್ಚಿದೆ.

"ಎಲ್ಲಿ ಇಳದೀ? ಗೋವಾ ವೆಲ್ಹಾ? ಅಲ್ಲೇನೈತೆಪಾ ನೋಡಾಕ?" ಎಂದು ನಕ್ಕರು. "ಪೈಲಟ್ ಹಿಡಿ. ರೊಕ್ಕ ಮೊದಲ ಮಾತಾಡ್ಕೋ."

ಪೈಲಟ್ ಎಂದರೆ ಇಲ್ಲಿ ಬೈಕ್ ಟ್ಯಾಕ್ಸಿ ಓಡಿಸುವವನು. ಹಳದಿ ಮಡ್‌ಗಾರ್ಡ್ ಕಂಡರೆ ಪೈಲಟ್ ಎಂದು ತಿಳಿಯಬೇಕು. ಸಿಕ್ಕವನು ಅರವತ್ತು ದಾಟಿದ ಅಂಕಲ್. ಇನ್ನೂರೈವತ್ತಕ್ಕೆ ಒಪ್ಪಿದರು. ನನ್ನ ಮೈಮೇಲಿದ್ದ ನೀಲಿ ಜರ್ಸಿ ನೋಡಿ, ಗಾಡಿ ಶುರು ಮಾಡುವ ಮೊದಲೇ ಹಿಂದಿಯಲ್ಲಿ ಕೇಳಿದರು: "ಬೆಂಗಳೂರು? ಮ್ಯಾಚಿಗೆ ಬಂದಿರೋದಾ?"

ಹೌದು, ಬಂದದ್ದೇ ಮ್ಯಾಚಿಗೆ. 2023ರ ಮಾರ್ಚ್ 18, ಶನಿವಾರ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲಿನ ಫೈನಲ್. ಬೆಂಗಳೂರು ಎಫ್‌ಸಿ ಮತ್ತು ಕೋಲ್ಕತ್ತಾದ ಎಟಿಕೆ ಮೋಹನ್ ಬಾಗಾನ್, ಮಡಗಾಂವ್ ಪಕ್ಕದ ಫಾತೊರ್ಡಾ ಕ್ರೀಡಾಂಗಣದಲ್ಲಿ, ರಾತ್ರಿ ಏಳೂವರೆಗೆ. ಆರು ದಿನ ಮುಂಚೆ ಕಂಠೀರವದಲ್ಲಿ ಮುಂಬೈಯನ್ನು ಪೆನಾಲ್ಟಿಯಲ್ಲಿ 9-8ಕ್ಕೆ ಸೋಲಿಸಿದಾಗ ನಾನೂ ನಮ್ಮ ಅಭಿಮಾನಿಗಳ ವೆಸ್ಟ್ ಬ್ಲಾಕಿನಲ್ಲಿ ಗಂಟಲು ಹರಿದುಕೊಂಡಿದ್ದೆ. ಆ ರಾತ್ರಿ ಮನೆಗೆ ಬಂದು ಮಾಡಿದ ಮೊದಲ ಕೆಲಸ ಆನ್‌ಲೈನಿನಲ್ಲಿ ಎರಡು ಟಿಕೆಟ್ ತೆಗೆದದ್ದು. ಎರಡನೆಯದು ಯಶವಂತಪುರ–ವಾಸ್ಕೋ ರೈಲಿನ ಸ್ಲೀಪರ್ ಹುಡುಕಿದ್ದು. ಒಂದು ಟಿಕೆಟ್ ನನಗೆ, ಇನ್ನೊಂದು ವಾಸ್ಕೋದಲ್ಲೇ ಹುಟ್ಟಿ ಬೆಳೆದ ಮಾಮಾನ ಮಗನಿಗೆ. ಅವನಿಗೆ ಹೇಳದೇ ತೆಗೆದಿದ್ದೆ. ಆಮೇಲೆ ಹೇಳಿದಾಗ, "ಬರ್ತೀನಿ ಭಾವಾ. ಆದ್ರ ನಿಮ್ಮ ಕಡಿ ಅಲ್ಲ" ಎಂದ.

ಗುರುವಾರ ರಾತ್ರಿಯ ಪ್ರಯಾಣದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ, ದೂಧ್‌ಸಾಗರ ಕತ್ತಲಲ್ಲಿ ಹೋಯಿತು. ಕ್ಯಾಸಲ್‌ರಾಕಿನಲ್ಲಿ ಮಾತ್ರ ಬೇಕೆಂದೇ ಎಚ್ಚರವಿದ್ದೆ. ಅಲ್ಲಿಂದ ಕುಳೆಂವರೆಗಿನ ಇಳಿಜಾರು 37ಕ್ಕೆ 1. ಬ್ರೇಕಿನ ಸುಟ್ಟ ವಾಸನೆ ಕಿಟಕಿಗೆ ಬರುತ್ತದೆ. ನಮ್ಮ ಅಜ್ಜ ಹರೆಯದಲ್ಲಿ ಮೆಣಸಿನಕಾಯಿ ವ್ಯಾಪಾರಕ್ಕೆಂದು ಈ ದಾರಿಯಲ್ಲಿ ಹೋಗುತ್ತಿದ್ದರಂತೆ. ಆಗ ಕ್ಯಾಸಲ್‌ರಾಕ್ ಗಡಿ. ಇತ್ತ ಬ್ರಿಟಿಷರ ಕಸ್ಟಮ್ಸ್, ಘಟ್ಟ ಇಳಿದರೆ ಕುಳೆಂನಲ್ಲಿ ಪೋರ್ಚುಗೀಸರದು. ಗಂಟು ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿ ತೋರಿಸಬೇಕು. "ಪರದೇಶಕ್ಕ ಹೋಗಿ ಬಂದಾನ ನಿಮ್ಮಜ್ಜ" ಎಂದು ಅಜ್ಜಿ ಕೊನೆತನಕ ಹೇಳುತ್ತಿದ್ದಳು. 1961ರ ಡಿಸೆಂಬರ್ 19ರವರೆಗೆ ಅದು ನಿಜವೂ ಆಗಿತ್ತು. ನನ್ನ ಪಾಸ್‌ಪೋರ್ಟಿನಲ್ಲಿ ಇವತ್ತಿಗೂ ಒಂದು ಠಸ್ಸೆ ಬಿದ್ದಿಲ್ಲ. ಪರದೇಶ ನೋಡಿದವರೆಂದರೆ ನಮ್ಮ ಮನೆತನದಲ್ಲಿ ಅಜ್ಜ ಒಬ್ಬರೇ.

ಪೈಲಟ್ ಅಂಕಲ್ ದಾರಿಯುದ್ದಕ್ಕೂ ಲೆಕ್ಕ ಒಪ್ಪಿಸಿದರು. ಗಾಳಿಗೆ ಅರ್ಧ ಮಾತು ಹಾರಿಹೋದರೂ ಸಾರಾಂಶ ನನಗೆ ಗೊತ್ತಿದ್ದದ್ದೇ. 2006-07ರಿಂದ 2012-13ರವರೆಗೆ, ಏಳು ಸೀಸನ್ ಸಾಲಾಗಿ, ದೇಶದ ಚಾಂಪಿಯನ್ ಪಟ್ಟ ಗೋವಾ ಬಿಟ್ಟು ಹೊರಗೆ ಹೋಗಿರಲಿಲ್ಲ. ಇಲ್ಲಿಯ ಕ್ಲಬ್ಬುಗಳೇ: ಡೆಂಪೊ ನಾಲ್ಕು ಸಲ, ಚರ್ಚಿಲ್ ಬ್ರದರ್ಸ್ ಎರಡು ಸಲ, ಸಾಲಗಾಂವ್ಕರ್ ಒಂದು ಸಲ. ಇಷ್ಟು ಸಣ್ಣ ರಾಜ್ಯ! ಆ ಸರಪಣಿ ಕಡಿದದ್ದು ಯಾರು? 2013-14ರಲ್ಲಿ, ಹುಟ್ಟಿದ ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗಾದ ಐ-ಲೀಗ್ ಗೆದ್ದ ಬೆಂಗಳೂರು. "ನೀವು ಬಂದ್ರಿ, ನಮ್ಮದು ಮುಗೀತು" ಎಂದು ಕರಮಳಿ ಕೆರೆಯ ಹತ್ತಿರ ತಿರುಗಿ ನೋಡಿ ಹೇಳಿದರು. ನಾನು ಸಾರಿ ಎಂದೆ. ಇನ್ನೇನು ಹೇಳುವುದು? ಇಳಿಸಿದ ಮೇಲೆ ಐವತ್ತು ರೂಪಾಯಿ ವಾಪಸ್ ಕೊಟ್ಟರು, ಯಾಕೆಂದು ಕೇಳಿದರೆ, "ರಾತ್ರಿ ಅಳೋದಕ್ಕೆ ಕರ್ಚೀಫ್ ತಗೋ."

ಓಲ್ಡ್ ಗೋವಾಕ್ಕೆ ತಲುಪಿದಾಗ ಹತ್ತಾಗಿತ್ತು. ಬೆಳಿಗ್ಗೆ ಎಂಟಕ್ಕೇ ಬರಬೇಕು, ಯಾರಾದರೂ ಹೋಗುವವರಿದ್ದರೆ ನೆನಪಿಡಿ. ಮಾರ್ಚಿನ ಬಿಸಿಲು, ಸಮುದ್ರದ ಜಿಗುಟು, ಹತ್ತರ ಮೇಲೆ ಟೂರಿಸ್ಟ್ ಬಸ್ಸುಗಳು ಸಾಲುಗಟ್ಟುತ್ತವೆ. ಬಾಂ ಜೀಸಸ್ ಬೆಸಿಲಿಕಾದ ಸಾಲಿನಲ್ಲಿ ನನ್ನ ಮುಂದೆ ಇದ್ದದ್ದು ನಮ್ಮ ಕಡೆಯ ಶಾಲಾ ಪ್ರವಾಸ. "ಸಾಲ್ ಬಿಡಬ್ಯಾಡ್ರಿ! ಟೋಪಿ ತಗೀರಿ! ಇದು ಗುಡಿ ಇದ್ದಂಗ" ಎಂದು ಮಾಸ್ತರರು ಒದರುತ್ತಿದ್ದರು. ಹುಡುಗರ ಪ್ರಶ್ನೆ ಒಂದೇ: ಹೆಣ ಎಲ್ಲೈತಿ?

ಸಂತ ಫ್ರಾನ್ಸಿಸ್ ಜೇವಿಯರ್ 1552ರ ಡಿಸೆಂಬರ್ 3ರಂದು ಚೀನಾ ದಂಡೆಯ ಒಂದು ನಡುಗಡ್ಡೆಯಲ್ಲಿ ತೀರಿಕೊಂಡವನು. ಕೆಡದೆ ಉಳಿಯಿತೆಂದು ನಂಬುವ ಅವನ ದೇಹ ಇಲ್ಲಿನ ಬೆಳ್ಳಿಯ ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಗೋವಾದ ಅಕ್ಕಸಾಲಿಗರ ಕೆಲಸ. ಅದರ ಕೆಳಗಿನ ಅಮೃತಶಿಲೆಯ ಕಟ್ಟೆ ಇಟಲಿಯ ಫ್ಲಾರೆನ್ಸಿನದು, ಟಸ್ಕನಿಯ ದೊರೆ ಮೂರನೇ ಕೊಸಿಮೊ ಕಳಿಸಿದ್ದು. ಎಲ್ಲ ಎತ್ತರದಲ್ಲಿದೆ, ಕೆಳಗೆ ನಿಂತವರಿಗೆ ಕಾಣುವುದು ಬೆಳ್ಳಿಯಷ್ಟೇ. ಹತ್ತು ವರ್ಷಕ್ಕೊಮ್ಮೆ ಮಾತ್ರ ಕೆಳಗಿಳಿಸಿ ದರ್ಶನಕ್ಕಿಡುತ್ತಾರೆ. ಹುಡುಗರು ನಿರಾಶರಾದರು. ನನಗೆ ಹಿಡಿಸಿದ್ದು ಹೊರಗಿನ ಗೋಡೆ. ಈ ಕಡೆಯ ಚರ್ಚೆಂದರೆ ಬಿಳಿ ಸುಣ್ಣ. ಇದೊಂದು ಮಾತ್ರ ಗಾರೆ ಕೆತ್ತಿಸಿಕೊಂಡು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೈ ತೋರಿಸಿ ನಿಂತಿದೆ. 1594ರಲ್ಲಿ ಶುರುವಾಗಿ 1605ರಲ್ಲಿ ಪ್ರತಿಷ್ಠೆಯಾದ ಕಟ್ಟಡ, ಗಾರೆ ತೆಗೆದದ್ದು ಹೋದ ಶತಮಾನದಲ್ಲಿ. ಮಳೆಗಾಲದಲ್ಲಿ ಆ ಕಲ್ಲು ನೀರು ಕುಡಿಯದೇ ಬಿಡುತ್ತದೆಯೇ? ಸುಣ್ಣದ ಕೋಟು ಇದ್ದರೇ ಚೆನ್ನಿತ್ತು ಎಂದು ನನ್ನ ಅನಿಸಿಕೆ, ನೋಡಲು ಮಾತ್ರ ಹೀಗೇ ಚಂದ.

ರಸ್ತೆಯಾಚೆಗೆ ಸೇ ಕೆಥೆಡ್ರಲ್. ಎರಡು ಗೋಪುರಗಳಿದ್ದವು, 1776ರಲ್ಲಿ ಒಂದು ಬಿತ್ತು, ಮತ್ತೆ ಕಟ್ಟಲಿಲ್ಲ. ಇದು ಸಂತ ಕ್ಯಾಥರೀನಳ ಹೆಸರಿನದು, ಏಕೆಂದರೆ 1510ರ ನವೆಂಬರ್ 25ರಂದು, ಅವಳ ಹಬ್ಬದ ದಿನ, ಆಲ್ಬುಕರ್ಕ್ ಊರನ್ನು ವಿಜಾಪುರದ ಆದಿಲ್‌ಶಾಹಿಯಿಂದ ಎರಡನೇ ಸಲ ಕಿತ್ತುಕೊಂಡ. ಅವನಿಗೆ ಗೋವಾದ ಆಸೆ ಹುಟ್ಟಿಸಿದವನು ಯಾರು? ನಮ್ಮ ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರ ಬಾಯಲ್ಲಿ ತಿಮ್ಮೋಜ. ಕೆಂಪು ಸಮುದ್ರದ ಕಡೆ ಹೊರಟಿದ್ದ ಹಡಗುಗಳನ್ನು ಇತ್ತ ತಿರುಗಿಸಿದವನು. ಅಂದರೆ ಕಳೆದುಕೊಂಡವರು ವಿಜಾಪುರದವರು, ತಂದುಕೊಟ್ಟವನು ಹೊನ್ನಾವರದವನು. ಊರು ಮಾತ್ರ ನಾನೂರೈವತ್ತು ವರ್ಷ ಲಿಸ್ಬನ್ನಿನದಾಯಿತು. ಗೋವಾ ಕಂಡವನು ಲಿಸ್ಬನ್ ಕಾಣಬೇಕಿಲ್ಲ ಎಂದು ಪೋರ್ಚುಗೀಸರು ಗಾದೆ ಕಟ್ಟುವಷ್ಟು ಬೆಳೆದು, ಆಮೇಲೆ ರೋಗರುಜಿನಕ್ಕೆ ಹೆದರಿ ಜನ ಪಣಜಿಗೆ ಕಿತ್ತರು. ಉಳಿದದ್ದು ಚರ್ಚು, ಹುಲ್ಲುಹಾಸು, ಐಸ್‌ಕ್ರೀಂ ಗಾಡಿ.

ಆದಿಲ್‌ಶಾಹನ ಅರಮನೆಯಿಂದ ಉಳಿದಿರುವುದು ಸಂತ ಕಜೆಟನ್ ಚರ್ಚಿನ ಪಕ್ಕದ ಒಂದು ಬಾಗಿಲು, ಬಾಗಿಲೂ ಅಲ್ಲ, ಕರಿಕಲ್ಲಿನ ಚೌಕಟ್ಟು. ಎದುರಿನ ಚರ್ಚು ರೋಮಿನ ಸಂತ ಪೀಟರ್ ಬೆಸಿಲಿಕಾದ ಮಾದರಿಯಲ್ಲಿ ಕಟ್ಟಿದ್ದರಿಂದ ಎಲ್ಲರ ಕ್ಯಾಮೆರಾ ಆ ಕಡೆ. ಚೌಕಟ್ಟಿನ ಹತ್ತಿರ ಒಂದು ನಾಯಿ ಮಲಗಿತ್ತು. ಗೋಲಗುಂಬಜ್ ನೋಡಿ ಬೆಳೆದವನಿಗೆ ಅದೇ ಮನೆತನದ ಈ ಒಂಟಿ ಬಾಗಿಲು ಕಂಡು ಒಂಥರಾ ಆಯಿತು. ಇನ್ನೂ ನಾಲ್ಕು ಹೆಜ್ಜೆ ಇಳಿದರೆ ವೈಸರಾಯ್ ಕಮಾನು. ನದಿಯ ಕಡೆ ವಾಸ್ಕೋ ಡ ಗಾಮಾನ ಮೂರ್ತಿ; ಕಟ್ಟಿಸಿದವನು ಅವನ ಮರಿಮಗನೇ. ಹಿಂಬದಿಯಲ್ಲಿ ಕತ್ತಿ ಹಿಡಿದ ಹೆಣ್ಣು, ಅವಳ ಕಾಲಡಿ ಬಿದ್ದ ಒಬ್ಬ ಗಂಡಸು. ಬಿದ್ದವನು ಆದಿಲ್‌ಶಾಹ ಎನ್ನುತ್ತಾರೆ. ಹೊಸ ವೈಸರಾಯ್ ಬಂದಾಗಲೆಲ್ಲ ಈ ಕಮಾನಿನಡಿಯೇ ಊರು ಹೊಗುತ್ತಿದ್ದರು. ಈಗ ಅದರಡಿ ದೀವಾಡಿ ನಡುಗಡ್ಡೆಯ ಫೆರಿಗೆ ಹೋಗುವ ಸ್ಕೂಟರುಗಳು ಹಾರ್ನ್ ಹಾಕುತ್ತವೆ.

ಸಂತ ಆಗಸ್ಟಿನನ ಗೋಪುರಕ್ಕೆ ಏರಿ ಹೋಗುವಷ್ಟರಲ್ಲಿ ನೆತ್ತಿ ಕಾದಿತ್ತು. ಚರ್ಚಿನ ಚಾವಣಿ 1842ರಲ್ಲಿ ಕುಸಿಯಿತು, ಮುಂಭಾಗ 1931ರಲ್ಲಿ. ಈಗ 46 ಮೀಟರಿನ ಅರ್ಧ ಗೋಪುರವೊಂದು ಹಲ್ಲುದುರಿದ ಬಾಯಿಯಂತೆ ನಿಂತಿದೆ. ಅದರ ಗಂಟೆ ಪಣಜಿಯ ಮೆಟ್ಟಿಲುಗಳ ಚರ್ಚಿನಲ್ಲಿದೆ. ಇಲ್ಲಿಯ ಮಣ್ಣಲ್ಲಿ ಸಿಕ್ಕ ಜಾರ್ಜಿಯಾದ ರಾಣಿ ಕೆಟೆವಾನಳ ಮೂಳೆಗಳನ್ನು 2021ರಲ್ಲಿ ಅವಳ ದೇಶಕ್ಕೆ ಒಪ್ಪಿಸಿದರು. ಪುರಾತತ್ವ ಇಲಾಖೆಯ ಮ್ಯೂಸಿಯಮ್ಮಿನಲ್ಲಿ ಹತ್ತು ನಿಮಿಷ ಕಳೆದೆ, ಆಲ್ಬುಕರ್ಕನ ದೈತ್ಯ ಕಂಚಿನ ಪ್ರತಿಮೆಗಿಂತ ವೀರಗಲ್ಲುಗಳ ಹತ್ತಿರ ಹೆಚ್ಚು. ಶುಕ್ರವಾರ ಇದಕ್ಕೆ ರಜೆ. ಹಾಗಾಗಿಯೇ ಶುಕ್ರವಾರ ಪೂರ್ತಿ ಅತ್ತಿ ಬಡಿಸಿದ್ದನ್ನು ಉಂಡು ಮಲಗಿದ್ದೆ.

ಮಡಗಾಂವ್ ತಲುಪಿದ್ದು ನಾಲ್ಕೂವರೆಗೆ, ಪಣಜಿಯಲ್ಲಿ ಬಸ್ಸು ಬದಲಿಸಿ. ಈ ಸಲ ಕದಂಬ ಬಸ್ಸೇ. ಮಾಮಾನ ಮಗ ಸ್ಕೂಟರಿನಲ್ಲಿ ಬಂದು ಕಾಯುತ್ತಿದ್ದ. ಅವನ ಮೈಮೇಲೆ ಎಫ್‌ಸಿ ಗೋವಾದ ಕಿತ್ತಳೆ ಜರ್ಸಿ.

"ನಿಮ್ಮ ಟೀಮ್ ಆಡಾಂಗೇ ಇಲ್ಲಲ್ಲೋ!"

"ಆದ್ರೇನಾತು? ಬೆಂಗಳೂರು ಸೋಲೂದು ನೋಡಾಕ ಬಂದೇನಿ."

ಇದಕ್ಕೂ ಹಿನ್ನೆಲೆ ಇದೆ. 2019ರ ಫೈನಲ್ ಮುಂಬೈಯಲ್ಲಿ ಗೋವಾ ಮತ್ತು ಬೆಂಗಳೂರಿನ ನಡುವೆ ನಡೆದಿತ್ತು. ಇವನು ಗೆಳೆಯರೊಂದಿಗೆ ಜನರಲ್ ಡಬ್ಬಿಯಲ್ಲಿ ನಿಂತು ಹೋಗಿದ್ದ. 117ನೇ ನಿಮಿಷಕ್ಕೆ ನಮ್ಮ ರಾಹುಲ್ ಭೇಕೆ ತಲೆಯಿಂದ ಗೋಲ್ ಹೊಡೆದ, 1-0. ಅದೇ ಡಬ್ಬಿಯಲ್ಲಿ ನಿಂತು ವಾಪಸ್ ಬಂದನಂತೆ. ನನಗಾಗ ಫೋನ್ ಮಾಡಿ ಒಂದು ಮಾತೂ ಆಡದೆ ಇಟ್ಟದ್ದು ನೆನಪಿದೆ. ಈ ಸಲ ಅವನಿಗೊಂದು ನೆಪವೂ ಇತ್ತು. ಮೋಹನ್ ಬಾಗಾನಿನ ಲಿಸ್ಟನ್ ಕೊಲಾಸೊ ಇದೇ ಮಡಗಾಂವ್ ಬದಿಯ ಹುಡುಗ. ತರಬೇತುದಾರ ಹ್ವಾನ್ ಫೆರಾಂಡೊ ಮೊದಲು ಗೋವಾದಲ್ಲಿದ್ದವನು.

ಗೇಟಿನಲ್ಲಿ ನನ್ನ ಪವರ್‌ಬ್ಯಾಂಕಿಗೆ ತಡೆಯಾಯಿತು. ಒಳಗೆ ಬಿಡುವುದಿಲ್ಲ, ಇಟ್ಟುಕೊಳ್ಳುವುದೂ ಇಲ್ಲ, ಬಿಸಾಡಿ ಬನ್ನಿ ಎಂದರು. ಮೊಬೈಲಿನಲ್ಲಿ ಹನ್ನೊಂದು ಪರ್ಸೆಂಟ್, ಟಿಕೆಟ್ಟೂ ಅದರಲ್ಲೇ. ನಾವು ಕನ್ನಡದಲ್ಲಿ ಜಗಳಾಡುವುದು ಕೇಳಿ ರಸ್ತೆಬದಿಯ ಆಮ್ಲೆಟ್ ಗಾಡಿಯವನು ಕೈಸನ್ನೆ ಮಾಡಿದ. "ಇಲ್ಲಿ ಕೊಡ್ರಿ ಸರ. ಇಪ್ಪತ್ರೂಪಾಯಿ. ಯಾವೂರ್ರಿ ನಿಮ್ಮದು?" ಕುಷ್ಟಗಿ ಕಡೆಯವನು. ಅವನ ಗಾಡಿಯಡಿಯ ಬುಟ್ಟಿಯಲ್ಲಿ ಆಗಲೇ ಹದಿಮೂರು ಪವರ್‌ಬ್ಯಾಂಕು, ಎರಡು ಸೆಂಟ್ ಬಾಟಲಿ, ಚಿಲ್ಲರೆಯ ಒಂದು ಚೀಲ ಇದ್ದವು. ನನ್ನದು ಹದಿನಾಲ್ಕನೆಯದು. ಹಾಗೇ ಅಲ್ಲೇ ನಿಂತು ರಸ್ ಆಮ್ಲೆಟ್ ತಿಂದೆವು: ಆಮ್ಲೆಟ್ಟಿನ ಮೇಲೆ ಬಿಸಿ ಕೋಳಿ ರಸ ಹೊಯ್ದು, ಹಸಿ ಈರುಳ್ಳಿ ಉದುರಿಸಿ, ಅದ್ದಿಕೊಳ್ಳಲು ಪಾವ್. ಸ್ಟೇಡಿಯಮ್ಮಿನ ಒಳಗೆ ಸಿಗುವ ತಣ್ಣನೆ ಸಮೋಸಾಕ್ಕಿಂತ ಇದನ್ನು ತಿಂದೇ ಹೋಗುವುದು ಲೇಸು.

ಒಳಗೆ ನೀಲಿ ಒಂದು ಮೂಲೆ, ಹಸಿರು-ಕೆಂಗಂದು ಇನ್ನೊಂದು ಮೂಲೆ, ನಡುವೆ ಸುಮ್ಮನೆ ಫುಟ್‌ಬಾಲ್ ನೋಡಲು ಬಂದ ಗೋವಾದ ಮಂದಿ. ನಾವು ಕೂತದ್ದು ಅವರ ನಡುವೆ. ಈ ಮಂದಿ ನೋಡುವ ರೀತಿಯೇ ಬೇರೆ. ಹಿಂದಿನ ಸಾಲಿನ ಅಜ್ಜಿಯೊಬ್ಬಳು ಆಫ್‌ಸೈಡನ್ನು ಲೈನ್ಸ್‌ಮನ್ನಿಗಿಂತ ಮೊದಲು ಕೂಗುತ್ತಿದ್ದಳು.

ಆಟ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ, ನಮ್ಮ ಶಿವಶಕ್ತಿ ಪೆಟ್ಟು ಮಾಡಿಕೊಂಡು ಹೊರಗೆ, ಬೆಂಚಿನಲ್ಲಿದ್ದ ಛೆಟ್ರಿ ಒಳಗೆ. 38 ವರ್ಷದ ಮನುಷ್ಯ. ಇವರ ಮಾವ ಸುಬ್ರತೊ ಭಟ್ಟಾಚಾರ್ಯ ಮೋಹನ್ ಬಾಗಾನಿನ ದೊಡ್ಡ ಹೆಸರು. ಮಾವನ ಮನೆಯ ತಂಡದ ವಿರುದ್ಧ ಆಡುವ ಸಂಕಟ ನನಗೂ ಆ ದಿನ ಸ್ವಲ್ಪ ಅರ್ಥವಾಗಿತ್ತು. 14ನೇ ನಿಮಿಷಕ್ಕೆ ಕಾರ್ನರಿನಲ್ಲಿ ನಮ್ಮ ರಾಯ್ ಕೃಷ್ಣನ ಕೈಗೆ ಚೆಂಡು ತಾಗಿ ಪೆನಾಲ್ಟಿ, ಅವರ ಪೆಟ್ರಾಟೋಸ್ ಹೊಡೆದ. ಮಾಮಾನ ಮಗ ಎದ್ದು ಕುಣಿದ. ಮೊದಲರ್ಧದ ಹೆಚ್ಚುವರಿ ಸಮಯದಲ್ಲಿ ಅದೇ ಕೃಷ್ಣನನ್ನು ಕೆಡವಿದ್ದಕ್ಕೆ ನಮಗೆ ಪೆನಾಲ್ಟಿ, ಛೆಟ್ರಿ ಹೊಡೆದರು. ಈಗ ನನ್ನ ಸರದಿ.

ಮಧ್ಯಂತರದಲ್ಲಿ ಹಿಂದಿನಿಂದ ಯಾರೋ ಕೊಂಕಣಿಯಲ್ಲಿ ನನ್ನ ಬಗ್ಗೆ ಏನೋ ಅಂದರು. 'ಘಾಂಟಿ' ಎಂಬುದೊಂದು ತಿಳಿಯಿತು. ಘಟ್ಟದ ಮೇಲಿನವರಿಗೆ ಇಲ್ಲಿಯ ಹೆಸರು, ಮುದ್ದಿನದಲ್ಲ. ಮಾಮಾನ ಮಗ ತಿರುಗಿ ಕೊಂಕಣಿಯಲ್ಲೇ ನಾಲ್ಕು ಮಾತು ಬಿಟ್ಟ. ಎಲ್ಲರೂ ನಕ್ಕರು, ಅಂದವನೂ ನಕ್ಕು ನನಗೆ ಕಡಲೆಬೀಜದ ಪೊಟ್ಟಣ ಚಾಚಿದ.

"ಏನಂದೀ?"

"ಘಾಂಟಿ ಹೌದು, ಆದ್ರ ಟಿಕೆಟ್ ರೊಕ್ಕಾ ಅವರೇ ಕೊಟ್ಟಾರ ಅಂದೆ."

"ನಿನಗ ಅಂತಾರೇನು ಹಂಗ?"

"ಸಾಲ್ಯಾಗ ಅಂತಿದ್ರು. ಗೋಲ್ ಹೊಡ್ಯಾಕ ಚಾಲೂ ಮಾಡಿದ ಮ್ಯಾಲ ಬಿಟ್ರು."

78ನೇ ನಿಮಿಷ. ಸುರೇಶನ ಕಾರ್ನರ್, ಕೃಷ್ಣ ತಲೆ ಕೊಟ್ಟ, 2-1. ನಾನು ಪೈಲಟ್ ಅಂಕಲಿನ ಕರ್ಚೀಫ್ ಮಾತು ನೆನೆದು ಜೋರಾಗಿ ನಕ್ಕೆ. ನಗಬಾರದಿತ್ತು. ಏಳೇ ನಿಮಿಷಕ್ಕೆ ನಮ್ಮ ಪಾಬ್ಲೊ ಪೆರೆಸ್ ಅವರ ಕಿಯಾನ್ ನಾಸಿರಿಯನ್ನು ಕೆಡವಿದ. ಮತ್ತೆ ಪೆನಾಲ್ಟಿ, ಮತ್ತೆ ಪೆಟ್ರಾಟೋಸ್, 2-2. ಬಾಕ್ಸಿನ ಅಂಚಿನಲ್ಲೋ ಹೊರಗೋ ಎಂದು ನಾನು ಇವತ್ತಿಗೂ ವಾದಿಸುತ್ತೇನೆ. ಅಜ್ಜಿ ಮಾತ್ರ "ಪೆನಾಲ್ಟಿ" ಎಂದು ರೆಫರಿಗಿಂತ ಮುಂಚೆ ತೀರ್ಪು ಕೊಟ್ಟಿದ್ದಳು. ಹೆಚ್ಚುವರಿ ಅರ್ಧ ಗಂಟೆಯಲ್ಲಿ ಎರಡೂ ಕಡೆಯವರ ಕಾಲು ಸೋತಿದ್ದವು. ನನ್ನ ಮೊಬೈಲೂ ಸತ್ತಿತ್ತು.

ಪೆನಾಲ್ಟಿ ಶೂಟೌಟ್ ಬಗ್ಗೆ ಉದ್ದ ಬರೆಯುವ ಮನಸ್ಸಿಲ್ಲ. ನಮ್ಮ ಅಲನ್ ಕೋಸ್ಟಾ ಹೊಡೆದ, ಕೃಷ್ಣ ಹೊಡೆದ, ಬ್ರೂನೊ ರಮಿರೆಸನದನ್ನು ಅವರ ಗೋಲಿ ವಿಶಾಲ್ ಕೈತ್ ಹಿಡಿದ. ಛೆಟ್ರಿ ಹೊಡೆದರು. ಅವರ ಕಡೆ ಲಿಸ್ಟನ್ನನೂ ಸೇರಿ ನಾಲ್ವರೂ ತಪ್ಪಲಿಲ್ಲ. ಲಿಸ್ಟನ್ ಹೊಡೆದಾಗ ಇಡೀ ಸ್ಟ್ಯಾಂಡು ತನ್ನ ಮನೆಯ ಹುಡುಗನೆಂಬಂತೆ ಎದ್ದು ನಿಂತಿತು. ಕೊನೆಗೆ ಪೆರೆಸ್. ಚೆಂಡು ಕಂಬದ ಮೇಲಿಂದ ಹಾರಿ ಹೋಯಿತು. 4-3.

ವಿಚಿತ್ರವೆಂದರೆ ಪಕ್ಕದವನು ಕುಣಿಯಲಿಲ್ಲ. ಸ್ವಲ್ಪ ಹೊತ್ತು ಕೂತು, ನನ್ನ ಬೆನ್ನ ಮೇಲೆ ಕೈಯಿಟ್ಟು, "ಮುಂಬೈದಾಗ ನನಗೂ ಹಿಂಗ ಆಗಿತ್ತು" ಎಂದ. ಕೆಳಗೆ ಮೋಹನ್ ಬಾಗಾನಿನ ಮಾಲೀಕರು, ವಿಲೀನದಲ್ಲಿ ಬಂದು ಅಂಟಿಕೊಂಡಿದ್ದ ಇನ್ನೊಂದು ಕ್ಲಬ್ಬಿನ ಹೆಸರು 'ಎಟಿಕೆ' ಮುಂದಿನ ಸೀಸನ್ನಿನಿಂದ ಇರುವುದಿಲ್ಲ ಎಂದು ಘೋಷಿಸಿದ ಸುದ್ದಿ ಹಬ್ಬಿ, ಕೋಲ್ಕತ್ತಾದವರು ಕಪ್ಪಿಗಿಂತ ಅದಕ್ಕೇ ಹೆಚ್ಚು ಖುಷಿಯಿಂದ ಅಳುತ್ತಿದ್ದರು. ಹೆಸರಿನ ಕಷ್ಟ ನನಗೂ ಆ ಬೆಳಿಗ್ಗೆ ತಿಳಿದಿತ್ತಲ್ಲ.

ಹೊರಗೆ ಬಂದರೆ ಕುಷ್ಟಗಿಯವನ ಗಾಡಿ ಇನ್ನೂ ಇತ್ತು. ಒಲೆ ಆರಿಸಿ, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. "ಇನ್ನ ಒಂಬತ್ತ್ ಅದಾವ. ಅವ್ರು ಬರೂತನಕ ಹೆಂಗ ಹೋಗ್ಲಿ?" ನನ್ನದನ್ನು ಕೊಟ್ಟು, ಮುಖ ನೋಡಿ, ಇಪ್ಪತ್ತು ರೂಪಾಯಿ ಬೇಡವೆಂದ. ಬಲವಂತದಿಂದ ಕೊಟ್ಟೆ.

ಆ ಹೊತ್ತಿಗೆ ಬಸ್ಸಿಲ್ಲ. ಸ್ಕೂಟರಿನಲ್ಲಿ ವೆರ್ಣಾ ದಾಟಿ, ಬಿರ್ಲಾ ಸರ್ಕಲ್ಲಿನಲ್ಲಿ ಚಹಾ ಕುಡಿದೆವು. ಅಲ್ಲಿ ಮಧ್ಯರಾತ್ರಿಯಲ್ಲೂ ಪಕ್ಕದ ಬೆಂಚಿನ ಮಾತೆಲ್ಲ ಬಾಗಲಕೋಟೆ, ಗದಗ. ಯಾವುದೋ ಸೈಟಿನ ಸೆಂಟ್ರಿಂಗ್ ಬಿಚ್ಚುವ ಲೆಕ್ಕ. ಮ್ಯಾಚಿನ ಸುದ್ದಿ ಯಾರಿಗೂ ಬೇಕಿರಲಿಲ್ಲ.

ಮನೆಯಲ್ಲಿ ಮಾಮಾ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ತೂಕಡಿಸುತ್ತಿದ್ದರು. ಮೂವತ್ತು ವರ್ಷ ಮುರಗಾಂವ್ ಬಂದರಿನಲ್ಲಿ ನಮ್ಮ ಸಂಡೂರು–ಹೊಸಪೇಟೆ ಕಡೆಯ ಅದಿರನ್ನು ಹಡಗಿಗೆ ತುಂಬಿಸಿದ ಮನುಷ್ಯ. ರಾತ್ರಿಪಾಳಿಯ ರೂಢಿ ಹೋಗಿಲ್ಲ. ನೀಲಿ ಜರ್ಸಿ ನೋಡಿದರು, ಕಿತ್ತಳೆ ಜರ್ಸಿ ನೋಡಿದರು.

"ಯಾರ್ ಗೆದ್ರು?"

"ಕಲ್ಕತ್ತಾದವ್ರು."

"ಹಂಗಾರ ಇಬ್ರೂ ಸೋತ್ ಬಂದೀರಿ. ಕೈಕಾಲ್ ತೊಳ್ಕೊರ್ರಿ, ನಿಮ್ಮತ್ತಿ ರೊಟ್ಟಿ ಮುಚ್ಚಿಟ್ಟಾಳ."